ಉಡುತಡಿ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ, ಶಿರಾಳಕೊಪ್ಪದ ಸಮೀಪದಲ್ಲಿರುವ ಐತಿಹಾಸಿಕ ಗ್ರಾಮ. 12ನೆಯ ಶತಮಾನದ ವಚನಕಾರ್ತಿ ಅಕ್ಕಮಹಾದೇವಿಯ ಹುಟ್ಟೂರು. ಇಲ್ಲಿನ ಹಳೆಯ ಕೋಟೆಯ ಅವಶೇಷಗಳನ್ನು ಜನ ಅರಸ ಕೌಶಿಕನೊಂದಿಗೆ ಸೇರಿಸಿ ಹೇಳುತ್ತಾರೆ. ಆದರೆ ಕೌಶಿಕನ ಕಥೆ ನಮಗೆ ತಲುಪಿರುವುದು ಕಾವ್ಯಗಳ ಮೂಲಕ, ಅವುಗಳಲ್ಲೂ ಒಮ್ಮತವಿಲ್ಲ. ಹರಿಹರನ ರಗಳೆಯಲ್ಲಿ ಮಹಾದೇವಿ ಷರತ್ತು ವಿಧಿಸಿ ಅವನನ್ನು ಮದುವೆಯಾಗುತ್ತಾಳೆ, ಅವನು ಮಾತು ಮುರಿದಾಗ ಹೊರನಡೆಯುತ್ತಾಳೆ. 15ನೆಯ ಶತಮಾನದ ಚಾಮರಸ ‘ಪ್ರಭುಲಿಂಗಲೀಲೆ’ಯಲ್ಲಿ ಮದುವೆಯನ್ನೇ ಒಪ್ಪುವುದಿಲ್ಲ. ಆದ್ದರಿಂದ ಕೋಟೆಯ ಕಲ್ಲುಗಳಿಗೆ ಕೌಶಿಕನ ಹೆಸರನ್ನು ಖಚಿತವಾಗಿ ಅಂಟಿಸದಿರುವುದೇ ಲೇಸು. ಊರು ಬಿಟ್ಟ ಅಕ್ಕ ಕಲ್ಯಾಣಕ್ಕೂ ಕೊನೆಗೆ ಶ್ರೀಶೈಲದ ಕದಳೀವನಕ್ಕೂ ಹೋದಳೆಂಬುದು ಪರಂಪರೆಯ ನಂಬಿಕೆ.

ಕೋಟೆಯ ವೈಭವವನ್ನು ನಿರೀಕ್ಷಿಸಿ ಬಂದವರಿಗೆ ನಿರಾಶೆಯಾಗಬಹುದು. ಉಡುತಡಿಯನ್ನು ಸುತ್ತಲಿನ ಊರುಗಳೊಂದಿಗೆ ನೋಡಿದರೆ ಮಾತ್ರ ಅದರ ಕಾಲ ಬಿಚ್ಚಿಕೊಳ್ಳುತ್ತದೆ. ಹತ್ತಿರದ ಬಳ್ಳಿಗಾವಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬನವಾಸಿ ಪನ್ನಿರ್ಛಾಸಿರ (ಹನ್ನೆರಡು ಸಾವಿರ) ಪ್ರಾಂತ್ಯದ ರಾಜಧಾನಿ, ವಚನಕಾರ ಅಲ್ಲಮಪ್ರಭುವಿನ ಊರು. ಅಲ್ಲಿನ ಕೇದಾರೇಶ್ವರ, ತ್ರಿಪುರಾಂತಕೇಶ್ವರ ಗುಡಿಗಳಿಗೆ ಅರ್ಧ ದಿನವಾದರೂ ಬೇಕು. ಸಮೀಪದ ಇನ್ನೊಂದು ಊರು ತಾಳಗುಂದದ ಪ್ರಣವೇಶ್ವರ ಗುಡಿಯೆದುರಿನ ಸ್ತಂಭಶಾಸನ ಕದಂಬ ಮಯೂರಶರ್ಮನ ಕಥೆ ಹೇಳುತ್ತದೆ. ಅದರ ಸಂಸ್ಕೃತ ಪದ್ಯಗಳು ಕುಬ್ಜ ಕವಿಯ ರಚನೆ. ಮಳೆಗಾಲ ಕಳೆದ ಮೇಲೆ, ನವೆಂಬರಿನಿಂದ ಫೆಬ್ರವರಿವರೆಗೆ, ಈ ಊರುಗಳನ್ನು ಸುತ್ತುವುದು ಸುಲಭ.