ಹೊಗೆ ಪರದೆ: ಮಿನಿಯೇಚರ್ ಯುದ್ಧದಾಟಗಳಲ್ಲಿ

ಮೇಜಿನ ಮೇಲೆ ಪುಟ್ಟ ಸೈನಿಕ ಬೊಂಬೆಗಳನ್ನು ಹೂಡಿ ಆಡುವ ಮಿನಿಯೇಚರ್ ಯುದ್ಧದಾಟದಲ್ಲಿ, ತನ್ನ ಪಡೆಯನ್ನು ಎದುರಾಳಿಯ ಕಣ್ಣಿನಿಂದ ಮರೆಸಲು ಹೊಗೆ ಹಬ್ಬಿಸುವ ಕ್ರಮವೇ ಹೊಗೆ ಪರದೆ. ನಿಜವಾದ ಹೊಗೆಯ ಬದಲು ಅರಳೆಯನ್ನೋ ರಟ್ಟಿನ ಬಿಲ್ಲೆಯನ್ನೋ ಇಟ್ಟು ಅದು ಕವಿದ ಜಾಗವನ್ನು ಗುರುತಿಸುತ್ತಾರೆ. ಹೊಗೆ ನೋಟವನ್ನು ತಡೆಯುತ್ತದೆ, ಗುಂಡನ್ನು ತಡೆಯುವುದಿಲ್ಲ. ಆಟದ ಹೊಗೆ ನಿಯಮಗಳೆಲ್ಲ ಈ ವ್ಯತ್ಯಾಸದ ಮೇಲೆ ನಿಂತಿವೆ. ಇಂದಿನ ಲಿಂಗಸುಗೂರು, ಮಸ್ಕಿ, ಸಿಂಧನೂರು ತಾಲ್ಲೂಕುಗಳು ಸೇರಿರುವ ಕೃಷ್ಣಾ–ತುಂಗಭದ್ರಾ ದೋಆಬ್, ಮದ್ದುಗುಂಡಿಗೆ ಮುಂಚಿನ ಕದನಗಳನ್ನೂ ತೋಪಿನ ಕಾಲದ ಕದನಗಳನ್ನೂ ಕಂಡ ನೆಲ. ಈ ನಿಯಮಗಳನ್ನು ಅರಿಯಲು ಅದು ಒಳ್ಳೆಯ ನಿದರ್ಶನ.

ಹಿನ್ನೆಲೆ

ಆಧುನಿಕ ಯುದ್ಧದಾಟದ ಮೂಲ ಪ್ರಷ್ಯಾದ ಸೇನೆಯಲ್ಲಿದೆ. ರೈಸ್ವಿಟ್ಜ್ ಎಂಬಾತ 1812ರಲ್ಲಿ ತಾನು ರೂಪಿಸಿದ ಆಟವನ್ನು ಅಲ್ಲಿನ ದೊರೆಗೆ ಒಪ್ಪಿಸಿದ. 1824ರಲ್ಲಿ ಅವನ ಮಗ ಅದನ್ನು ತಿದ್ದಿ, ಸೇನಾಧಿಕಾರಿಗಳ ತರಬೇತಿಗೆ ಒದಗುವಂತೆ ಪ್ರಕಟಿಸಿದ. ಎದುರಾಳಿಗೆ ಕಾಣುವಂಥ ಪಡೆಗಳನ್ನು ಮಾತ್ರ ನಕ್ಷೆಯ ಮೇಲೆ ಇಡುವುದು, ಕಾಣದವುಗಳ ಲೆಕ್ಕವನ್ನು ಅಂಪೈರ್ ಇಟ್ಟುಕೊಳ್ಳುವುದು ಅದರ ಕ್ರಮ. 1913ರಲ್ಲಿ ಎಚ್.ಜಿ. ವೆಲ್ಸ್ ಬರೆದ ‘ಲಿಟಲ್ ವಾರ್ಸ್’ ಆಟವನ್ನು ಮನೆಯ ನೆಲಕ್ಕೆ ತಂದಿತು. ಮುಂದೆ ಬಂದ ಆಟಗಳಲ್ಲಿ ಬಹುಪಾಲು ಅಂಪೈರ್ ಇಲ್ಲದವು, ಎಲ್ಲ ಬೊಂಬೆಗಳೂ ಇಬ್ಬರಿಗೂ ಕಾಣುವಂಥವು. ಸೇನಾನಿಗೆ ನಿಜವಾಗಿ ಇರುವ ಕುರುಡನ್ನು ಇಂಥ ತೆರೆದ ಮೇಜಿಗೆ ಮರಳಿ ತರುವ ಸಾಧನಗಳಲ್ಲಿ ಹೊಗೆ ಮುಖ್ಯವಾದದ್ದು.

ಕಾಳಗದಲ್ಲಿ ಹೊಗೆ

ಯುದ್ಧಭೂಮಿಯ ಹೊಗೆ ಎರಡು ಬಗೆ. ಮೊದಲನೆಯದು ತಾನಾಗಿ ಏಳುವುದು. ಪೆಟ್ಲುಪ್ಪು, ಇದ್ದಲು, ಗಂಧಕ ಬೆರೆಸಿದ ಕಪ್ಪು ಮದ್ದು ಉರಿದಾಗ ಅದರ ಅರ್ಧಕ್ಕೂ ಹೆಚ್ಚು ಪಾಲು ಅನಿಲವಾಗದೆ ನುಣ್ಣನೆಯ ಘನ ಕಣಗಳಾಗಿ ಉಳಿಯುತ್ತದೆ. ತೋಪುಗಳ ಸಾಲು ಒಮ್ಮೆ ಹಾರಿದರೆ ಬಿಳಿ ಹೊಗೆ ದಟ್ಟವಾಗಿ ಕವಿದು, ಗೋಲಂದಾಜರಿಗೇ ಗುರಿ ಕಾಣದಂತಾಗುತ್ತದೆ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಹೊಗೆರಹಿತ ಮದ್ದನ್ನು ರೂಪಿಸಿದ ಮೇಲೆ ಈ ತೊಡಕು ಬಹುಮಟ್ಟಿಗೆ ನೀಗಿತು.

ಎರಡನೆಯದು ಬೇಕೆಂದೇ ಹಬ್ಬಿಸುವ ಹೊಗೆ. ಇಪ್ಪತ್ತನೆಯ ಶತಮಾನದಲ್ಲಿ ಫಿರಂಗಿಯ ಹೊಗೆಗುಂಡು, ಮಾರ್ಟರ್, ಟ್ಯಾಂಕಿಗೆ ಜೋಡಿಸಿದ ಹೊಗೆ ಕೊಳವೆ, ಹಡಗಿನ ಚಿಮಣಿ ಎಲ್ಲವೂ ಇದಕ್ಕೆ ಬಳಕೆಯಾದವು. 1939ರ ಡಿಸೆಂಬರ್ 13ರ ರಿವರ್ ಪ್ಲೇಟ್ ಕದನದಲ್ಲಿ ಜರ್ಮನಿಯ ಯುದ್ಧನೌಕೆ ಗ್ರಾಫ್ ಸ್ಪೀ ಹೊಗೆಯ ಮರೆ ಹಿಡಿಯಿತು. ಅದನ್ನು ಬೆನ್ನಟ್ಟಿದ ಕ್ರೂಸರ್‌ಗಳೂ ಹಿಂದೆ ಸರಿಯುವಾಗ ಹಾಗೆಯೇ ಮಾಡಿದವು.

ಆಟದ ನಿಯಮಗಳು

ನಿಯಮ ಪುಸ್ತಕಗಳು ಹೊಗೆಯ ಬಗ್ಗೆ ಸಾಮಾನ್ಯವಾಗಿ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡುತ್ತವೆ.

ನೋಟ: ಹೊಡೆಯುವವನಿಂದ ಗುರಿಯವರೆಗೆ ದಾರ ಎಳೆದಾಗ ಅದು ಹೊಗೆಯನ್ನು ದಾಟಿದರೆ, ಕೆಲವು ಆಟಗಳಲ್ಲಿ ಹೊಡೆಯುವಂತೆಯೇ ಇಲ್ಲ; ಕೆಲವು ಆಟಗಳಲ್ಲಿ ಗುರಿ ತಾಗುವುದು ಕಷ್ಟವಾಗುತ್ತದೆ, ಅಷ್ಟೆ. ತಡೆ ಎರಡೂ ಕಡೆಗೆ ಒಂದೇ.

ಬೀಳುವ ಜಾಗ: ದೂರದಿಂದ ಹಾರಿಸಿದ ಹೊಗೆಗುಂಡು ಅಂದುಕೊಂಡಲ್ಲೇ ಬೀಳುತ್ತದೆಂಬ ಖಾತರಿಯಿಲ್ಲ. ದಾಳ ಉರುಳಿಸಿ, ಎಷ್ಟು ಅಂಗುಲ ಯಾವ ದಿಕ್ಕಿಗೆ ತಪ್ಪಿತೆಂದು ನೋಡುತ್ತಾರೆ.

ಗಾಳಿ: ಆಟದ ಮೊದಲೇ ಗಾಳಿಯ ದಿಕ್ಕನ್ನು ಗೊತ್ತುಮಾಡಿ, ಪ್ರತಿ ಸುತ್ತಿನ ಕೊನೆಗೆ ಹೊಗೆಯನ್ನು ಆ ಕಡೆಗೆ ಸರಿಸುತ್ತಾರೆ. ನೆಲ ತಂಪಾಗಿರುವ ನಸುಕಿನಲ್ಲಿ ಹೊಗೆ ತಗ್ಗಿನಲ್ಲೇ ನಿಲ್ಲುತ್ತದೆ. ಎರೆನೆಲ ಕಾದ ಬೇಸಿಗೆಯ ನಡುಹಗಲಿನಲ್ಲಿ ಮೇಲೆದ್ದು ಬೇಗ ಚದುರುತ್ತದೆ.

ಆಯುಷ್ಯ: ಇಷ್ಟು ಸುತ್ತು ಎಂದು ನಿಗದಿ ಮಾಡುವುದು ಒಂದು ಪದ್ಧತಿ, ಪ್ರತಿ ಸುತ್ತಿಗೂ ದಾಳ ಹಾಕಿ ಉಳಿಯಿತೋ ಕರಗಿತೋ ನೋಡುವುದು ಇನ್ನೊಂದು. ಎರಡನೆಯದರಲ್ಲಿ ಆಟಗಾರನಿಗೆ ಹೊಗೆಯ ಮೇಲೆ ಪೂರ್ತಿ ಭರವಸೆ ಇಡಲಾಗದು. ನಿಜಕ್ಕೆ ಅದೇ ಹತ್ತಿರ.

ಹೊಗೆಗೆ ಬೆಲೆಯೂ ಇದೆ. ಹೊಗೆಗುಂಡು ಹಾರಿಸಿದ ಫಿರಂಗಿ ಆ ಸುತ್ತಿನಲ್ಲಿ ಶತ್ರುವನ್ನು ಕೊಲ್ಲಲಾರದು. ಹೊಗೆಯೋ ಹೊಡೆತವೋ ಎಂಬ ಈ ಆಯ್ಕೆ ಇಲ್ಲದ ಆಟದಲ್ಲಿ ಹೊಗೆ ಬರೀ ಅಲಂಕಾರ.

ಗುರುತುಗಳ ತಯಾರಿ

ಬೀಜ ತೆಗೆದ ಅರಳೆಯೇ ಹೊಗೆಗೆ ಹಳೆಯ, ಅಗ್ಗದ ಸಾಮಗ್ರಿ. ರಾಯಚೂರು ಸೀಮೆಯಲ್ಲಿ ಹತ್ತಿ ಮನೆಬಾಗಿಲಿನ ಬೆಳೆ, ಹಾಗಾಗಿ ಇದಕ್ಕೆ ಅಂಗಡಿ ಹುಡುಕಬೇಕಿಲ್ಲ. ಹಿಡಿ ಅರಳೆಯನ್ನು ಬೆರಳಿನಿಂದ ಎಳೆ ಎಳೆಯಾಗಿ ಬಿಡಿಸಿ, ಅಂಚು ತೆಳ್ಳಗೆ ಮಾಡಿ, ನಡು ಉಬ್ಬಿಸಿ ರಟ್ಟಿನ ಬಿಲ್ಲೆಗೆ ಅಂಟಿಸಬೇಕು. ಬುಡಕ್ಕೆ ಇದ್ದಲಿನ ಪುಡಿ ಸವರಿದರೆ ಸುಟ್ಟ ಮದ್ದಿನ ಬಣ್ಣ ಬರುತ್ತದೆ. ಅರಳೆಯ ಅಂಚು ಎಲ್ಲಿ ಮುಗಿಯಿತೆಂಬ ತಕರಾರು ಬರುವುದರಿಂದ, ಅಳತೆಗೆ ಬಿಲ್ಲೆಯ ಅಂಚೇ ಪ್ರಮಾಣ ಎಂದು ಮೊದಲೇ ಒಪ್ಪಿಕೊಳ್ಳುವುದು ಒಳಿತು.

ದೋಆಬಿನ ಕದನಗಳು

ಶಾಸನಗಳಲ್ಲಿ ಎಡೆದೊರೆ ನಾಡು ಎನಿಸಿಕೊಂಡ ಈ ಸೀಮೆಗಾಗಿ ಚಾಲುಕ್ಯರು ಚೋಳರೊಂದಿಗೂ, ಬಹಮನಿ ಮತ್ತು ಆದಿಲ್‌ಶಾಹಿ ಸುಲ್ತಾನರು ವಿಜಯನಗರದೊಂದಿಗೂ ಮತ್ತೆ ಮತ್ತೆ ಕಾದಿದರು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲು ಕೋಟೆ ಹಲವು ಸಲ ಕೈ ಬದಲಿಸಿತು. ಸುಮಾರು 1021ರಲ್ಲಿ ರಾಜೇಂದ್ರ ಚೋಳ ಮತ್ತು ಚಾಲುಕ್ಯ ಎರಡನೆಯ ಜಯಸಿಂಹರ ನಡುವೆ ಮುಸಂಗಿಯಲ್ಲಿ ಕದನ ನಡೆಯಿತು. ಆ ಮುಸಂಗಿಯೇ ಮಸ್ಕಿ ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ತೋಪಿಲ್ಲದ ಆ ಕಾಲದ ಕದನವನ್ನು ಆಡುವಾಗ ಹೊಗೆಯ ಬದಲು ಆನೆ, ಕುದುರೆಗಳ ಕಾಲ್ಧೂಳಿಗೆ ಅದೇ ನಿಯಮ ಹೊಂದುತ್ತದೆ. ಧೂಳು ಪಡೆಯನ್ನು ಮರೆಸುತ್ತದೆ, ಆದರೆ ಪಡೆ ಬರುತ್ತಿದೆ ಎಂದು ದೂರದಿಂದಲೇ ಸಾರುತ್ತದೆ. ಈ ಇಬ್ಬಗೆಯನ್ನು ನಿಯಮದಲ್ಲಿ ಸೇರಿಸಬೇಕು.

1520ರ ರಾಯಚೂರು ಕದನ ತೋಪಿನ ಕಾಲದ್ದು. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿರುವಂತೆ, ಇಸ್ಮಾಯಿಲ್ ಆದಿಲ್ ಶಾ ತನ್ನ ತೋಪುಗಳನ್ನು ಒಟ್ಟಿಗೆ ಹಾರಿಸಿ ವಿಜಯನಗರದ ಮುಂಪಡೆಯನ್ನು ಚೆಲ್ಲಾಪಿಲ್ಲಿ ಮಾಡಿದ. ಕೃಷ್ಣದೇವರಾಯ ಎದೆಗುಂದದೆ ಪಡೆಯನ್ನು ಹುರಿದುಂಬಿಸಿ ಮರುದಾಳಿ ಮಾಡಿ, ಶತ್ರುವನ್ನು ಕೃಷ್ಣೆಯವರೆಗೆ ಅಟ್ಟಿದ. ಇದನ್ನು ಮೇಜಿಗೆ ತರುವವರು ಮೊದಲ ಸುತ್ತಿನಲ್ಲಿ ತೋಪುಗಳೆಲ್ಲ ಹಾರಿದೊಡನೆ ಅವುಗಳ ಮುಂದೆ ಅರಳೆಯ ಸಾಲು ಇಡಬೇಕು; ಮತ್ತೆ ಮದ್ದು ತುಂಬಲು ಒಂದೆರಡು ಸುತ್ತು ಕಾಯಿಸಬೇಕು. ಆಗ ತೋಪಿನವನಿಗೆ ಎದುರು ಬರುವ ಕುದುರೆಪಡೆ ಕಾಣುವುದಿಲ್ಲ, ಕಂಡಾಗ ಹಾರಿಸಲು ಮದ್ದು ತುಂಬಿರುವುದಿಲ್ಲ. ತೋಪುಗಳನ್ನು ಒಮ್ಮೆಗೇ ಬರಿದು ಮಾಡಿದರೆ ಏನಾಗುತ್ತದೆಂಬುದು ಎರಡು ಸುತ್ತಿನಲ್ಲೇ ಮನವರಿಕೆಯಾಗುತ್ತದೆ.

ಮಹತ್ವ

ಹೊಗೆ ನಿಯಮ ಅತಿಯಾದರೆ ಆಟ ನಿಧಾನವಾಗುತ್ತದೆ, ಪ್ರತಿ ಬಿಲ್ಲೆಯ ಲೆಕ್ಕವೇ ಹೊರೆಯಾಗುತ್ತದೆ. ಹಾಗೆಂದು ಅದನ್ನು ಕೈಬಿಟ್ಟರೆ ಮೇಜಿನ ಸುತ್ತ ನಿಂತವರು ಹದ್ದಿನ ಕಣ್ಣಿನಿಂದ ಎಲ್ಲವನ್ನೂ ಕಾಣುತ್ತಾರೆ. ಹಳೆಯ ಸೇನಾನಿಗಳು ಮಾಡಿದ ತೀರ್ಮಾನಗಳು ಆಗ ಸುಮ್ಮನೆ ಮೂರ್ಖತನದಂತೆ ತೋರುತ್ತವೆ. ನೆಲದ ಮೇಲೆ ನಿಂತವನಿಗೆ ಎಷ್ಟು ಕಾಣುತ್ತಿತ್ತು ಎಂಬುದನ್ನು ಬಿಟ್ಟು ಯಾವ ಕದನವನ್ನೂ ನ್ಯಾಯವಾಗಿ ಅಳೆಯಲಾಗದು. ಮಸ್ಕಿ, ಮುದಗಲ್ಲು, ರಾಯಚೂರುಗಳ ಇತಿಹಾಸವನ್ನು ಇಸವಿಗಳ ಪಟ್ಟಿಯಾಗಿ ಓದುವ ಶಾಲೆಯ ಮಕ್ಕಳಿಗೆ ಹಿಡಿ ಅರಳೆ, ಒಂದು ದಾಳ, ಒಂದು ನಕ್ಷೆಯಿಂದ ಇಷ್ಟನ್ನು ಕಲಿಸಬಹುದು, ಕಲಿಸಲೂಬೇಕು.