ಅಮೂರ್ತದಿಂದ ಆಕೃತಿಗೆ: ಫಿಲಿಪ್ ಗಸ್ಟನ್‌ನ ಮರುಪಯಣ

ಇಪ್ಪತ್ತನೆಯ ಶತಮಾನದ ಮಧ್ಯಭಾಗದ ಅಮೆರಿಕನ್ ಚಿತ್ರಕಲೆಯಲ್ಲಿ ಅಮೂರ್ತ ಅಭಿವ್ಯಕ್ತಿವಾದಕ್ಕೆ ದೊರೆತ ಪ್ರತಿಷ್ಠೆ ಅಸಾಧಾರಣವಾದುದು. ವಸ್ತುವನ್ನೂ ಕಥನವನ್ನೂ ತೊರೆದ ಚಿತ್ರವೇ ಆಧುನಿಕತೆಯ ಪರಿಪಕ್ವ ರೂಪವೆಂಬ ನಂಬಿಕೆ ಆಗ ಬಲವಾಗಿತ್ತು. ಆ ಪಂಥದ ಪ್ರಮುಖರಲ್ಲೊಬ್ಬನಾದ ಫಿಲಿಪ್ ಗಸ್ಟನ್ (1913-1980) ಆಕೃತಿಪ್ರಧಾನ ಚಿತ್ರಣಕ್ಕೆ ಮರಳಿದುದು ಕೇವಲ ಶೈಲಿಯ ಬದಲಾವಣೆಯಾಗಿ ಉಳಿಯಲಿಲ್ಲ. ಕಲಾವಿದನ ಹೊಣೆಗಾರಿಕೆಯ ಪ್ರಶ್ನೆಯಾಗಿ ಪರಿಣಮಿಸಿತು.

ಒಡೆಸ್ಸಾದಿಂದ ವಲಸೆ ಬಂದ ಯಹೂದಿ ದಂಪತಿಗಳ ಮಗನಾಗಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಜನಿಸಿದ ಗಸ್ಟನ್ ಬೆಳೆದುದು ಲಾಸ್ ಏಂಜಲೀಸ್‌ನಲ್ಲಿ. ಅಲ್ಲಿನ ಪ್ರೌಢಶಾಲೆಯಲ್ಲಿ ಜಾಕ್ಸನ್ ಪೊಲಾಕ್ ಈತನ ಸಹಪಾಠಿ. ವರ್ಣದ್ವೇಷಿ ಸಂಘಟನೆಯಾದ ಕು ಕ್ಲಕ್ಸ್ ಕ್ಲಾನ್‌ನ ಮುಸುಕುಧಾರಿಗಳು 1930ರಷ್ಟು ಹಿಂದೆಯೇ ಈತನ ರೇಖಾಚಿತ್ರದಲ್ಲಿ ಕಾಣಿಸಿಕೊಂಡಿದ್ದರು. 1934-35ರಲ್ಲಿ ರೂಬೆನ್ ಕ್ಯಾಡಿಶ್‌ನೊಡನೆ ಮೆಕ್ಸಿಕೊದ ಮೊರೇಲಿಯಾದಲ್ಲಿ ರಚಿಸಿದ ಬೃಹತ್ ಭಿತ್ತಿಚಿತ್ರದ ವಸ್ತುವೂ ಹಿಂಸೆಯೇ ಆಗಿತ್ತು. 1950ರ ದಶಕದಲ್ಲಿ ಈ ಆಕೃತಿಗಳು ಮರೆಯಾಗಿ, ಗುಲಾಬಿ ಹಾಗೂ ಕೆಂಪು ವರ್ಣಗಳ ಸೂಕ್ಷ್ಮ ಕುಂಚಾಘಾತಗಳು ಕ್ಯಾನ್ವಾಸನ್ನು ಆವರಿಸಿದವು. 1962ರಲ್ಲಿ ನ್ಯೂಯಾರ್ಕ್‌ನ ಗುಗೆನ್‌ಹೈಮ್ ಸಂಗ್ರಹಾಲಯ ಏರ್ಪಡಿಸಿದ ಸಿಂಹಾವಲೋಕನ ಪ್ರದರ್ಶನ ಆ ಸಾಧನೆಗೆ ಸಂದ ಮನ್ನಣೆ.

ಆದರೆ ವಿಯೆಟ್ನಾಂ ಯುದ್ಧ ಮತ್ತು 1968ರ ಆಂತರಿಕ ಗಲಭೆಗಳ ಕಾಲದಲ್ಲಿ ಆ ಸಾಧನೆ ಸ್ವತಃ ಕಲಾವಿದನಿಗೇ ಸಾಲದೆನಿಸಿತು. ಲೋಕದ ಕ್ರೌರ್ಯವನ್ನು ಓದಿ ಕ್ರುದ್ಧನಾಗುವ ಮನುಷ್ಯ, ಚಿತ್ರಶಾಲೆಗೆ ಹೋಗಿ ಒಂದು ಬಣ್ಣಕ್ಕೆ ಇನ್ನೊಂದನ್ನು ಹೊಂದಿಸುತ್ತ ಕೂರುವುದು ಹೇಗೆ ಎಂಬುದು ಆತನನ್ನು ಕಾಡಿದ ಪ್ರಶ್ನೆ. 1967ರಲ್ಲಿ ವುಡ್‌ಸ್ಟಾಕ್‌ನಲ್ಲಿ ನೆಲೆಸಿದ ಗಸ್ಟನ್, ಕೆಲವೇ ಗೆರೆಗಳ ಶುದ್ಧ ರೇಖಾಚಿತ್ರ ಮತ್ತು ಪುಸ್ತಕ, ಪಾದರಕ್ಷೆ, ದೀಪಗಳ ಚಿತ್ರಣ ಇವೆರಡರ ನಡುವೆ ಓಲಾಡಿ, ಕೊನೆಗೆ ವಸ್ತುಲೋಕವನ್ನೇ ಆರಿಸಿಕೊಂಡ.

1970ರ ಅಕ್ಟೋಬರ್‌ನಲ್ಲಿ ಮಾರ್ಲ್‌ಬರೊ ಗ್ಯಾಲರಿಯಲ್ಲಿ ಹೊಸ ಚಿತ್ರಗಳು ಪ್ರದರ್ಶಿತವಾದವು. ವ್ಯಂಗ್ಯಚಿತ್ರಗಳನ್ನು ನೆನಪಿಸುವ ಒರಟು ಶೈಲಿಯಲ್ಲಿ ಮುಸುಕುಧಾರಿಗಳು ಕಾರಿನಲ್ಲಿ ತಿರುಗುತ್ತ, ಸಿಗರೇಟು ಸೇದುತ್ತ ಕಾಣಿಸಿಕೊಂಡರು. ವಿಮರ್ಶಕ ಹಿಲ್ಟನ್ ಕ್ರೇಮರ್ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಇದನ್ನು ಸುಸಂಸ್ಕೃತನೊಬ್ಬ ಹಾಕಿಕೊಂಡ ಒರಟುತನದ ವೇಷವೆಂದು ಜರೆದ. ಸಂಗೀತ ಸಂಯೋಜಕ ಮಾರ್ಟನ್ ಫೆಲ್ಡ್‌ಮನ್‌ನೊಡನೆಯ ದೀರ್ಘ ಸ್ನೇಹ ಮುರಿದುಬಿತ್ತು. ಬೆಂಬಲಿಸಿದ ಕೆಲವರಲ್ಲಿ ವಿಲೆಮ್ ಡಿ ಕೂನಿಂಗ್ ಮುಖ್ಯನಾದವನು.

ಈ ಮರಳುವಿಕೆಯನ್ನು ಅಮೂರ್ತದ ನಿರಾಕರಣೆಯೆಂದು ಭಾವಿಸುವುದು ಸರಿಯಾಗದು. ಹಿಂದಿನ ಗುಲಾಬಿ-ಕೆಂಪುಗಳೂ ದಟ್ಟವಾದ ವರ್ಣಲೇಪನವೂ ಹೊಸ ಚಿತ್ರಗಳಲ್ಲಿ ಉಳಿದುಬಂದಿವೆ. ಬದಲಾದುದು ಅವುಗಳ ಮೇಲಿನ ನೈತಿಕ ಭಾರ. 1969ರ ‘ದಿ ಸ್ಟುಡಿಯೊ’ ಚಿತ್ರದಲ್ಲಿ ಮುಸುಕುಧಾರಿಯೇ ಚಿತ್ರಕಾರ. ಆತ ರಚಿಸುತ್ತಿರುವುದು ತನ್ನದೇ ಭಾವಚಿತ್ರವನ್ನು. 1930ರ ಮುಸುಕುಧಾರಿ ಎದುರಿನ ಶತ್ರುವಾಗಿದ್ದರೆ, 1969ರ ಹೊತ್ತಿಗೆ ಕಲಾವಿದ ಆ ಮುಸುಕಿನೊಳಗೆ ತನ್ನನ್ನೇ ಇರಿಸಿ ಪರೀಕ್ಷಿಸಿಕೊಳ್ಳುತ್ತಾನೆ.

ಈ ಚಿತ್ರಗಳು ಎಬ್ಬಿಸಿದ ಇರುಸುಮುರುಸು ಅರ್ಧ ಶತಮಾನದ ಬಳಿಕವೂ ತಣಿಯಲಿಲ್ಲ. ನಾಲ್ಕು ಸಂಗ್ರಹಾಲಯಗಳು ಜಂಟಿಯಾಗಿ ಯೋಜಿಸಿದ್ದ ಸಿಂಹಾವಲೋಕನ ಪ್ರದರ್ಶನವನ್ನು, ಮುಸುಕುಧಾರಿಗಳ ಚಿತ್ರಗಳು ತಪ್ಪುಗ್ರಹಿಕೆಗೆ ಎಡೆಮಾಡಬಹುದೆಂಬ ಆತಂಕದಿಂದ 2020ರಲ್ಲಿ ಮುಂದೂಡಲಾಯಿತು. ಇದನ್ನು ಅನೇಕ ಕಲಾವಿದರು ಪ್ರತಿಭಟಿಸಿದರು. 2022ರಲ್ಲಿ ಬೋಸ್ಟನ್‌ನಲ್ಲಿ ಪ್ರದರ್ಶನ ಆರಂಭಗೊಂಡಿತು. 1970ರಲ್ಲಿ ಶೈಲಿಯ ಕಾರಣಕ್ಕೆ ತಿರಸ್ಕೃತವಾದ ಚಿತ್ರಗಳು 2020ರಲ್ಲಿ ವಸ್ತುವಿನ ಕಾರಣಕ್ಕೆ ಅಂಜಿಕೆ ಹುಟ್ಟಿಸಿದವು. ಆಕೃತಿಗೆ ಮರಳುವುದೆಂದರೆ ಸುಲಭದ ದಾರಿಗೆ ಮರಳುವುದಲ್ಲ ಎಂಬುದಕ್ಕೆ ಈ ಇತಿಹಾಸವೇ ಸಾಕ್ಷಿ.