ಮೂರು ನಿಮಿಷದ ಬಿರುಗಾಳಿ, ನಾಲ್ಕು ವರ್ಷದ ನಂತರ ಬಂದ ಲೆಕ್ಕ

ಬಾಕ್ಸಿಂಗ್‌ನ ಮೊದಲ ರೌಂಡ್ ಸಾಮಾನ್ಯವಾಗಿ ತಣ್ಣಗಿರುತ್ತದೆ. ಇಬ್ಬರೂ ಸುತ್ತು ಹಾಕುತ್ತಾರೆ, ಎದುರಾಳಿಯ ಕೈ ಎಷ್ಟು ಉದ್ದ, ಏಟು ಎಷ್ಟು ಭಾರ ಎಂದು ಅಳೆಯುತ್ತಾರೆ. ನಮ್ಮ ಗರಡಿ ಮನೆಯ ಪೈಲ್ವಾನರು ಕೆಮ್ಮಣ್ಣಿನ ಮೇಲೆ ಮೊದಲು ಕೈಗೆ ಕೈ ತಾಗಿಸಿ ನೋಡುತ್ತಾರಲ್ಲ, ಹಾಗೆಯೇ.

ಆದರೆ ಒಂದು ನೂರು ವರ್ಷದ ಹಿಂದೆ ನ್ಯೂಯಾರ್ಕ್‌ನಲ್ಲಿ ನಡೆದ ಒಂದು ಮೊದಲ ರೌಂಡ್‌ನಲ್ಲಿ ಅಳತೆಯೂ ಇರಲಿಲ್ಲ, ತಾಳ್ಮೆಯೂ ಇರಲಿಲ್ಲ. ಬರೀ ಮೂರು ನಿಮಿಷ. ಅಷ್ಟರಲ್ಲಿ ಒಬ್ಬ ಏಳು ಸಲ ನೆಲಕ್ಕೆ ಬಿದ್ದ. ಇನ್ನೊಬ್ಬ ಹಗ್ಗದ ನಡುವೆ ತೂರಿ ರಿಂಗ್‌ನಿಂದಲೇ ಹೊರಗೆ ಬಿದ್ದ. ಹೊರಗೆ ಬಿದ್ದವನೇ ಕೊನೆಗೆ ಗೆದ್ದ!

ಆ ಕಥೆಯನ್ನು ಇವತ್ತು ಹೇಳುತ್ತೇವೆ. ಅದರ ಹಿಂದೆ ಅಡಗಿರುವ ಒಂದು ಪ್ರಶ್ನೆಯನ್ನೂ ನಿಮ್ಮ ಮುಂದೆ ಇಡುತ್ತೇವೆ. ಬಿದ್ದವನ ತಲೆಯ ಮೇಲೆ ನಿಂತು ಕಾಯುವುದು ಶೌರ್ಯವೋ, ಅನ್ಯಾಯವೋ?

ನುಗ್ಗುವುದೇ ಅವನ ವಿದ್ಯೆ

ಅಮೆರಿಕದ ಜಾಕ್ ಡೆಂಪ್ಸಿ ಬಡ ಕುಟುಂಬದಿಂದ ಬಂದವನು. ಗಣಿಯಲ್ಲಿ ದುಡಿದವನು, ಗೂಡ್ಸ್ ರೈಲುಗಳಲ್ಲಿ ಕದ್ದು ಪ್ರಯಾಣ ಮಾಡಿ ಊರೂರು ಅಲೆದವನು. ಹೆವಿವೇಟ್ ಬಾಕ್ಸರ್‌ಗಳ ಪೈಕಿ ಅವನ ದೇಹ ಅಂಥ ದೊಡ್ಡದೇನಲ್ಲ. ಎದುರಾಳಿಯ ಕೈ ಉದ್ದವಿದ್ದರೆ ದೂರ ನಿಂತು ಆಡಿ ಗೆಲ್ಲಲಾಗದು. ಅದಕ್ಕೇ ಗಂಟೆ ಹೊಡೆದ ಕೂಡಲೇ ತಲೆ ತಗ್ಗಿಸಿ ಒಳಗೆ ನುಗ್ಗುವುದನ್ನು ರೂಢಿ ಮಾಡಿಕೊಂಡ. 1918ರಲ್ಲಿ ಫ್ರೆಡ್ ಫುಲ್ಟನ್ ಎಂಬ ಎತ್ತರದ ಬಾಕ್ಸರ್‌ನನ್ನು ಅರ್ಧ ನಿಮಿಷದೊಳಗೆ ಮಲಗಿಸಿದ್ದ.

1919ರ ಜುಲೈ 4ರಂದು ಟೊಲೆಡೊ ನಗರದಲ್ಲಿ ವಿಶ್ವ ಚಾಂಪಿಯನ್ ಜೆಸ್ ವಿಲ್ಲರ್ಡ್ ಜೊತೆ ಅವನ ಪಂದ್ಯ. ವಿಲ್ಲರ್ಡ್ ಆರೂವರೆ ಅಡಿ ಎತ್ತರದ ಆಳು, ತೂಕ ಸುಮಾರು 111 ಕೆಜಿ. ಡೆಂಪ್ಸಿ ಸುಮಾರು 85 ಕೆಜಿ. ಆದರೂ ಮೊದಲ ರೌಂಡ್‌ನಲ್ಲೇ ವಿಲ್ಲರ್ಡ್ ಏಳು ಬಾರಿ ಬಿದ್ದ. ಗೆದ್ದೆ ಎಂದುಕೊಂಡು ಡೆಂಪ್ಸಿ ರಿಂಗ್ ಇಳಿದು ಹೊರಟೇಬಿಟ್ಟ. ರೌಂಡ್ ಮುಗಿದ ಗಂಟೆ ಜನರ ಗಲಾಟೆಯಲ್ಲಿ ಕೇಳಿಸಿರಲಿಲ್ಲ, ಅವನನ್ನು ವಾಪಸ್ ಕರೆಯಬೇಕಾಯಿತು. ಮೂರನೇ ರೌಂಡ್ ಮುಗಿದ ಮೇಲೆ ವಿಲ್ಲರ್ಡ್ ಮುಂದೆ ಆಡಲು ಏಳಲಿಲ್ಲ. ಪಟ್ಟ ಡೆಂಪ್ಸಿಯದಾಯಿತು.

ಇಲ್ಲಿ ಒಂದು ವಿಷಯ ಗಮನಿಸಿ. ವಿಲ್ಲರ್ಡ್ ಬಿದ್ದಾಗಲೆಲ್ಲ ಡೆಂಪ್ಸಿ ಪಕ್ಕದಲ್ಲೇ ನಿಂತಿರುತ್ತಿದ್ದ. ಎದ್ದು ಕಾಲೂರುವ ಮೊದಲೇ ಮತ್ತೆ ಏಟು. ಎದುರಾಳಿಗೆ ಉಸಿರಾಡಲು ಬಿಡುವೇ ಇಲ್ಲ. ಗಾಯದ ಮೇಲೆ ಬರೆ ಎಳೆಯುವುದು ಅಂದರೆ ಇದೇ.

1923, ಸೆಪ್ಟೆಂಬರ್ 14

ನಾಲ್ಕು ವರ್ಷ ಕಳೆಯಿತು. ಡೆಂಪ್ಸಿಗೆ ಸವಾಲು ಹಾಕಿದವನು ಅರ್ಜೆಂಟೀನಾದ ಲೂಯಿಸ್ ಏಂಜೆಲ್ ಫಿರ್ಪೊ. ವಿಶಾಲ ಹುಲ್ಲುಗಾವಲಿನ ಸೀಮೆಯವನು. ಅಮೆರಿಕದ ಪತ್ರಿಕೆಗಳು ಅವನಿಗೆ ಆ ಹುಲ್ಲುಗಾವಲಿನ ಕಾಡುಗೂಳಿ ಎಂದೇ ಹೆಸರಿಟ್ಟಿದ್ದವು. ನಯವಾದ ಆಟ ಬಾರದು, ಆದರೆ ಬಲಗೈ ಬೀಸಿದರೆ ಸುತ್ತಿಗೆ ಬಿದ್ದ ಹಾಗೆ. ಅದೇ ವರ್ಷ ಜುಲೈನಲ್ಲಿ ಹಳೆಯ ಚಾಂಪಿಯನ್ ವಿಲ್ಲರ್ಡ್‌ನನ್ನೂ ಮಲಗಿಸಿ ಬಂದಿದ್ದ. ತೂಕ ಸುಮಾರು 98 ಕೆಜಿ, ಡೆಂಪ್ಸಿಗಿಂತ ಹತ್ತು ಕೆಜಿಗೂ ಹೆಚ್ಚು.

ನ್ಯೂಯಾರ್ಕ್‌ನ ಪೋಲೊ ಗ್ರೌಂಡ್ಸ್ ಮೈದಾನದಲ್ಲಿ 80 ಸಾವಿರಕ್ಕೂ ಹೆಚ್ಚು ಜನ. ಅತ್ತ ಬ್ಯೂನಸ್ ಐರಿಸ್‌ನಲ್ಲಿ ಸುದ್ದಿಗಾಗಿ ಜನ ಬೀದಿಯಲ್ಲಿ ಕಿಕ್ಕಿರಿದು ಕಾಯುತ್ತಿದ್ದರು.

ಗಂಟೆ ಹೊಡೆಯಿತು. ಡೆಂಪ್ಸಿ ಎಂದಿನಂತೆ ನುಗ್ಗಿದ. ನುಗ್ಗಿದವನಿಗೇ ಫಿರ್ಪೊನ ಬಲಗೈ ಬಿತ್ತು. ಪಂದ್ಯ ಶುರುವಾಗಿ ಕೆಲವೇ ಕ್ಷಣದಲ್ಲಿ ಚಾಂಪಿಯನ್ನನ ಮೊಣಕಾಲು ನೆಲಕ್ಕೆ ತಾಗಿತು.

ಎದ್ದವನು ಬೇರೆಯೇ ಮನುಷ್ಯನಾಗಿದ್ದ. ಪಕ್ಕೆಗೆ, ದವಡೆಗೆ, ಎಡ, ಬಲ. ಫಿರ್ಪೊ ಬಿದ್ದ. ಎದ್ದ. ಮತ್ತೆ ಬಿದ್ದ. ಲೆಕ್ಕ ಏಳಕ್ಕೆ ಹೋಯಿತು. ಇಲ್ಲೂ ಅದೇ ಹಳೆಯ ರೂಢಿ. ಫಿರ್ಪೊ ನೆಲದಲ್ಲಿರುವಾಗ ಡೆಂಪ್ಸಿ ಅವನ ಪಕ್ಕದಲ್ಲೇ ಕಾಯುತ್ತಾ ನಿಂತಿದ್ದ, ಅವನು ಮೇಲೇಳುತ್ತಿದ್ದಂತೆಯೇ ಹೊಡೆಯುತ್ತಿದ್ದ. ದೂರ ಹೋಗು ಎಂದು ರೆಫರಿ ಜಾನಿ ಗ್ಯಾಲಗರ್ ಗಟ್ಟಿಯಾಗಿ ತಡೆಯಲಿಲ್ಲ.

ಇಷ್ಟಾದರೂ ಫಿರ್ಪೊ ಮುಗಿದಿರಲಿಲ್ಲ. ಡೆಂಪ್ಸಿಯನ್ನು ಹಗ್ಗದತ್ತ ತಳ್ಳಿಕೊಂಡು ಹೋಗಿ ಬಲಗೈ ಬೀಸಿದ. ವಿಶ್ವ ಚಾಂಪಿಯನ್ ಕಾಲು ಮೇಲಾಗಿ ರಿಂಗ್‌ನಾಚೆ, ವರದಿಗಾರರ ಸಾಲಿನ ಮೇಲೆ, ಅವರ ಟೈಪ್‌ರೈಟರ್‌ಗಳ ನಡುವೆ ಬಿದ್ದ. ಅಲ್ಲಿದ್ದವರ ಕೈಗಳು ಅವನನ್ನು ಮೇಲಕ್ಕೆ ದೂಡಿದವು.

ಅವನು ಹೊರಗಿದ್ದದ್ದು ಎಷ್ಟು ಸೆಕೆಂಡ್? ಹತ್ತರೊಳಗೆ ಬಂದನೇ? ಬೇರೆಯವರ ನೆರವಿನಿಂದ ಬಂದದ್ದು ನ್ಯಾಯವೇ? ಇಂದಿಗೂ ಈ ವಾದ ನಿಂತಿಲ್ಲ. ರೆಫರಿ ಪಂದ್ಯ ಮುಂದುವರಿಸಿದ. ಎರಡನೇ ರೌಂಡ್‌ನಲ್ಲಿ ಫಿರ್ಪೊ ಇನ್ನೂ ಎರಡು ಬಾರಿ ಬಿದ್ದ. 57ನೇ ಸೆಕೆಂಡಿಗೆ ಎಲ್ಲ ಮುಗಿಯಿತು. ನಿಜವಾಗಿ ಕಾದಾಡಿದ ಒಟ್ಟು ಸಮಯ ನಾಲ್ಕು ನಿಮಿಷವೂ ಅಲ್ಲ.

ಚಿತ್ರಕಾರ ಜಾರ್ಜ್ ಬೆಲ್ಲೋಸ್ ಡೆಂಪ್ಸಿ ಹಗ್ಗದಾಚೆ ಬೀಳುವ ಆ ಕ್ಷಣವನ್ನು 1924ರಲ್ಲಿ ಬರೆದ. ಆ ಚಿತ್ರ ಈಗ ನ್ಯೂಯಾರ್ಕ್‌ನ ವಿಟ್ನಿ ಮ್ಯೂಸಿಯಂನಲ್ಲಿದೆ. ಚಿತ್ರದಲ್ಲಿ ಎದ್ದು ಕಾಣುವುದು ಗೆದ್ದವನಲ್ಲ, ಸೋತ ಫಿರ್ಪೊ. ಅರ್ಜೆಂಟೀನಾದಲ್ಲಿ ಸೆಪ್ಟೆಂಬರ್ 14 ಇಂದಿಗೂ ಬಾಕ್ಸರ್‌ಗಳ ದಿನ. ಸೋತ ದಿನವನ್ನೇ ಹಬ್ಬ ಮಾಡಿಕೊಂಡ ದೇಶ ಅದು.

ಅದೇ ರೂಢಿ ತಿರುಗಿ ಹೊಡೆಯಿತು

ಬಿದ್ದವನ ಪಕ್ಕದಲ್ಲೇ ನಿಲ್ಲುವುದು ಸರಿಯಲ್ಲ ಎಂಬ ಮಾತು ಆ ಪಂದ್ಯದ ನಂತರ ಬಲವಾಯಿತು. ಒಬ್ಬ ಬಿದ್ದರೆ ಇನ್ನೊಬ್ಬ ದೂರದ ಖಾಲಿ ಮೂಲೆಗೆ ಹೋಗಬೇಕು, ಹೋಗುವವರೆಗೆ ರೆಫರಿ ಎಣಿಕೆ ಶುರು ಮಾಡಬಾರದು. ಈ ನಿಯಮಕ್ಕೆ ಬಿಗಿ ಬಂತು.

1926ರಲ್ಲಿ ಡೆಂಪ್ಸಿ ತನ್ನ ಪಟ್ಟವನ್ನು ಜೀನ್ ಟನ್ನಿಗೆ ಸೋತ. ಮರುಪಂದ್ಯ 1927ರ ಸೆಪ್ಟೆಂಬರ್ 22ರಂದು, ಶಿಕಾಗೊದ ಸೋಲ್ಜರ್ ಫೀಲ್ಡ್‌ನಲ್ಲಿ. ಏಳನೇ ರೌಂಡ್‌ನಲ್ಲಿ ಡೆಂಪ್ಸಿಯ ಸರಣಿ ಏಟಿಗೆ ಟನ್ನಿ ಹಗ್ಗದ ಬಳಿ ಕುಸಿದ. ಕಳೆದುಕೊಂಡ ಪಟ್ಟ ಕೈಯಳತೆಯಲ್ಲಿತ್ತು.

ಆದರೆ ಡೆಂಪ್ಸಿ ದೂರ ಹೋಗಲಿಲ್ಲ. ಪಕ್ಕದಲ್ಲೇ ನಿಂತ. ರೆಫರಿ ಡೇವ್ ಬ್ಯಾರಿ ಮೂಲೆಗೆ ಹೋಗು ಎಂದು ಕೈ ತೋರಿಸುತ್ತಾ ಎಣಿಕೆ ತಡೆದ. ಡೆಂಪ್ಸಿ ಸರಿದ ಮೇಲೆ ಒಂದರಿಂದ ಎಣಿಕೆ ಶುರುವಾಯಿತು. ಒಂಬತ್ತಕ್ಕೆ ಟನ್ನಿ ಎದ್ದ. ಅಷ್ಟರಲ್ಲಿ ಹದಿಮೂರು ಹದಿನಾಲ್ಕು ಸೆಕೆಂಡ್ ಆಗಿತ್ತು. ಟನ್ನಿ ಚೇತರಿಸಿಕೊಂಡ, ಹತ್ತು ರೌಂಡ್ ಪೂರ್ತಿ ಆಡಿ ತೀರ್ಪಿನಲ್ಲಿ ಗೆದ್ದ. ಆ ಪಂದ್ಯಕ್ಕೆ ದೀರ್ಘ ಎಣಿಕೆಯ ಪಂದ್ಯ ಎಂದೇ ಹೆಸರು ಉಳಿಯಿತು. ಡೆಂಪ್ಸಿ ಮತ್ತೆಂದೂ ಪಟ್ಟಕ್ಕಾಗಿ ಆಡಲಿಲ್ಲ.

ಡೆಂಪ್ಸಿಗೆ ಅನ್ಯಾಯವಾಯಿತು ಎನ್ನುವವರು ಇಂದಿಗೂ ಇದ್ದಾರೆ. ನಮಗೆ ಹಾಗನಿಸುವುದಿಲ್ಲ. ವಿಲ್ಲರ್ಡ್‌ಗೂ ಫಿರ್ಪೊಗೂ ಸಿಗದ ಬಿಡುವು ಟನ್ನಿಗೆ ಸಿಕ್ಕಿತು, ಅಷ್ಟೇ. ಮೊದಲ ರೌಂಡ್‌ಗಳಲ್ಲಿ ಅವನನ್ನು ಗೆಲ್ಲಿಸಿದ ಅಭ್ಯಾಸವೇ ಏಳನೇ ರೌಂಡ್‌ನಲ್ಲಿ ಅವನ ಕೈ ಹಿಡಿದು ಎಳೆಯಿತು.

ಹತ್ತು ಸೆಕೆಂಡಿನ ಬೆಲೆ

ನಮ್ಮ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಆಟ ಅಲ್ಲಿಗೇ ಮುಗಿಯಿತು. ಬಾಕ್ಸಿಂಗ್‌ನಲ್ಲಿ ಬಿದ್ದವನು ಎದ್ದು ಮತ್ತೆ ಆಡಬಹುದು. ಅದಕ್ಕೇ ಆ ಕೆಲವು ಸೆಕೆಂಡುಗಳು ಇಷ್ಟು ಮುಖ್ಯ. ತಲೆಗೆ ಏಟು ಬಿದ್ದವನ ಕಣ್ಣು ಸರಿಯಾಗಿ ನೋಡುತ್ತಿದೆಯೇ, ಕಾಲು ನಿಲ್ಲುತ್ತಿದೆಯೇ ಎಂದು ರೆಫರಿ ನೋಡುವುದು ಆಗಲೇ. ಆಟಕ್ಕೂ ಹಲ್ಲೆಗೂ ನಡುವೆ ಇರುವ ಗೆರೆ ಅದು.

ಮುಂದಿನ ಸಲ ಮೊಬೈಲ್‌ನಲ್ಲಿ ಒಲಿಂಪಿಕ್ಸ್ ಬಾಕ್ಸಿಂಗ್ ನೋಡುವಾಗ ರಿಂಗ್‌ನ ನಾಲ್ಕು ಮೂಲೆ ಗಮನಿಸಿ. ಒಂದು ಕೆಂಪು, ಒಂದು ನೀಲಿ, ಎರಡು ಬಿಳಿ. ಬಾಕ್ಸರ್ ಯಾರೇ ಆಗಲಿ, ಎದುರಾಳಿ ಬಿದ್ದರೆ ಹೋಗಿ ನಿಲ್ಲಬೇಕಾದದ್ದು ಆ ಬಿಳಿ ಮೂಲೆಯಲ್ಲಿ. ಪೋಲೊ ಗ್ರೌಂಡ್ಸ್‌ನಲ್ಲಿ ಆ ರಾತ್ರಿ ಏಳು ಸಲ ಬಿದ್ದೆದ್ದ ಫಿರ್ಪೊಗೆ ಅಂಥದ್ದೊಂದು ಮೂಲೆಯ ದೂರ ಸಿಕ್ಕಿದ್ದರೆ ಏನಾಗುತ್ತಿತ್ತು? ಆ ಪಂದ್ಯದ ಹಳೆಯ ಕಪ್ಪು ಬಿಳುಪು ಫಿಲ್ಮ್ ಉಳಿದಿದೆ. ಸಿಕ್ಕರೆ ನೋಡಿ, ನೀವೇ ತೀರ್ಪು ಕೊಡಿ.